ಜಾಲಹಳ್ಳಿಯ ಗಡಿಯಾರದ ಮನೆ

ಯಮಕನಮರಡಿಯ ನಮ್ಮ ಮನೆಯಲ್ಲಿ ತೀರ್ಥರೂಪರ 'ಜನತಾ' ಕೈಗಡಿಯಾರವೊಂದು ಇರುವದು. ದಿನವೂ ಬೆಳಿಗ್ಗೆ ಅದಕ್ಕೆ ಕೀಲಿ ಕೊಟ್ಟ ಬಳಿಕವೇ ಅವರು ಚಹ ಮುಟ್ಟುತ್ತಿದ್ದರು. ಅವರು ತೀರಿಕೊಂಡ ಮೇಲೆ ಅದೂ ನಿಂತುಹೋಯಿತು. ಮೊನ್ನೆ ಬೆಂಗಳೂರಿಗೆ ಹೋದಾಗ ಅದನ್ನು ಕಿಸೆಯಲ್ಲಿಟ್ಟುಕೊಂಡೇ ನಾವು ಜಾಲಹಳ್ಳಿಯ ಎಚ್.ಎಂ.ಟಿ. ವಸ್ತುಸಂಗ್ರಹಾಲಯವನ್ನು ನೋಡಿಬಂದೆವು.

1953ರಲ್ಲಿ ಸ್ಥಾಪಿತವಾದ ಈ ಸರಕಾರಿ ಸಂಸ್ಥೆಯ ಮೊದಲ ಕೆಲಸವು ಗಡಿಯಾರವಲ್ಲ. ಯಂತ್ರಗಳನ್ನು ಮಾಡುವ ಯಂತ್ರಗಳು. ಲೋಹವನ್ನು ಕಡೆಯುವ, ಕೊರೆಯುವ, ಹೆರೆಯುವ ಯಂತ್ರಗಳಿಲ್ಲದೆ ಬೇರಾವ ಕಾರಖಾನೆಯೂ ಏಳಲಾರದು. ಸ್ವಿತ್ಝರ್ಲಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಆ ವಿದ್ಯೆಯು ಇಲ್ಲಿ ಬೇರೂರಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಕೈಗಡಿಯಾರಗಳ ಕೆಲಸವು ಆರಂಭವಾಯಿತು. ಬ್ಯಾಟರಿಯ ಗಡಿಯಾರಗಳ ಪೈಪೋಟಿಯಲ್ಲಿ ಸಂಸ್ಥೆಯು ಹಿಂದೆ ಬಿದ್ದಿತು. 2016ರಲ್ಲಿ ಗಡಿಯಾರದ ವಿಭಾಗವನ್ನು ಮುಚ್ಚಲು ಕೇಂದ್ರ ಸರಕಾರವು ಒಪ್ಪಿತು. 2019ರಲ್ಲಿ ಸಂಸ್ಥೆಯ ಹಳೆಯ ಬಂಗಲೆಯೊಂದು ಸಂಗ್ರಹಾಲಯವಾಯಿತು.

ಗಾಜಿನ ಹಿಂದಿನ ಗಡಿಯಾರಗಳ ಸಾಲಿನಲ್ಲಿ ನಮ್ಮ 'ಜನತಾ' ಕಂಡಾಗ ಮನಸ್ಸು ತುಂಬಿಬಂದಿತು. ಅದರ ಒಡಲ ವ್ಯವಸ್ಥೆಯು ಎಷ್ಟು ಸೂಕ್ಷ್ಮವಾದುದು! ಕೀಲಿ ಕೊಟ್ಟಾಗ ಉಕ್ಕಿನ ಸುರುಳಿಯು ಬಿಗಿಯಾಗುವದು. ಅದು ಬಿಚ್ಚಿಕೊಳ್ಳುವ ಬಲವನ್ನು ಹಲ್ಲುಗಾಲಿಗಳು ಮುಂದಕ್ಕೆ ಸಾಗಿಸುವವು. ಅತ್ತಿತ್ತ ತೂಗುವ ಚಕ್ರವು ಆ ಬಲವನ್ನು ಒಮ್ಮೆಲೇ ಓಡಗೊಡದೆ ಹೆಜ್ಜೆಹೆಜ್ಜೆಯಾಗಿ ಬಿಡುವದು. ಇಂಥ ಹೆಜ್ಜೆಗಳು ಗಂಟೆಗೆ 18,000, ದಿನಕ್ಕೆ 4,32,000. ಹತ್ತು ಸಾವಿರದಲ್ಲಿ ಒಂದು ಹೆಜ್ಜೆಯಷ್ಟು ನಿಧಾನವಾದರೂ ದಿನಕ್ಕೆ ಸುಮಾರು 9 ಸೆಕೆಂಡು ಹಿಂದೆ ಬೀಳುವದು. ತಿರುಗುವ ಅಚ್ಚುಗಳು ಸವೆಯದಂತೆ 17 ಹರಳುಗಳನ್ನು ಕೂಡಿಸಿರುವರು. ಕೂದಲಿನಷ್ಟು ತಪ್ಪನ್ನೂ ಸೈರಿಸದ ಈ ಕೆಲಸವನ್ನು ನಮ್ಮ ನಾಡಿನ ಹೆಣ್ಣುಗಂಡುಗಳು ಕಲಿತು ಸಾಧಿಸಿದರೆಂಬದು ಹೆಮ್ಮೆಯ ಮಾತು.

ಊರಿಗೆ ಮರಳಿ, ಗಡಿಯಾರವನ್ನು ಹಳೆಯ ರಿಪೇರಿಯವರೊಬ್ಬರಿಗೆ ತೋರಿಸಿದೆವು. ಅವರು ಅದನ್ನು ಬಿಚ್ಚಿ, "ಏನೂ ಕೆಟ್ಟಿಲ್ಲರಿ, ಎಣ್ಣಿ ಒಣಗೇತಿ, ಅಷ್ಟ" ಎಂದರು. ಎರಡು ದಿನಗಳಲ್ಲಿ ಅದು ಮತ್ತೆ ನಡೆಯಿತು. "ನನ್ನ ಹಿಂದ ಈ ಕೆಲಸಾ ಕಲಿಯಾವ್ರು ಯಾರೂ ಇಲ್ಲ" ಎಂದು ನಿಟ್ಟುಸಿರಿಟ್ಟು, ಹಣ ಎಣಿಸಿಕೊಂಡರು.

ಆ ಮಾತು ನಮ್ಮ ಮನಸ್ಸಿನಲ್ಲಿ ನಟ್ಟಿದೆ. ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ಕಾಯ್ದಿಡಬಹುದು. ಕೈಯ ವಿದ್ಯೆಯನ್ನು ಮತ್ತೊಂದು ಕೈಗೆ ಕೊಟ್ಟೇ ಕಾಯಬೇಕು. ವಾಚಕರ ಮನೆಗಳಲ್ಲಿ ಇಂಥ ಗಡಿಯಾರವಿದ್ದರೆ ಕೆಲವು ವರ್ಷಗಳಿಗೊಮ್ಮೆ ಬಿಚ್ಚಿಸಿ ಎಣ್ಣೆ ಹಾಕಿಸಲಿ. ನಿತ್ಯ ಒಂದೇ ವೇಳೆಗೆ, ಮೆಲ್ಲಗೆ ಕೀಲಿ ಕೊಡಲಿ. ನಮ್ಮ ಮನೆಯಲ್ಲಿ ಈಗ ಆ ಕೆಲಸವು ಕಿರಿಯ ಮಗಳ ಪಾಲಿಗೆ ಬಂದಿದೆ. ಅಜ್ಜನಂತೆ ಅವಳೂ ಕೀಲಿ ಕೊಡದೆ ಚಹ ಮುಟ್ಟುವದಿಲ್ಲ.