ಮಗುವನ್ನು ಶಿಶುವಿಹಾರಕ್ಕೆ ಸೇರಿಸುವ ಮುನ್ನ

ಮನೆಯ ಮಗುವಿಗೆ ಎರಡೂವರೆ ವರ್ಷ ತುಂಬುತ್ತಿದ್ದಂತೆ ಯಾವ ಶಾಲೆಗೆ ಸೇರಿಸುವುದು ಎಂಬ ಮಾತು ಶುರುವಾಗುತ್ತದೆ. ದೊಡ್ಡ ಕಟ್ಟಡ, ಗೋಡೆಯ ಚಿತ್ರ, ಇಂಗ್ಲಿಷ್ ಮಾತು ನೋಡಿ ಮುಂಗಡ ಕಟ್ಟಿಬಿಡುವವರೇ ಹೆಚ್ಚು. ಹಣ ಕಟ್ಟುವ ಮುಂಚೆ ನೋಡಬೇಕಾದ ಸಂಗತಿಗಳು ಬೇರೆಯೇ ಇವೆ.

ಮೊದಲು ವಯಸ್ಸಿನ ಲೆಕ್ಕ

ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವಿದೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಯುಕೆಜಿಗೆ 5, ಎಲ್‌ಕೆಜಿಗೆ 4, ನರ್ಸರಿಗೆ 3 ವರ್ಷ. 2023ರ ಆಗಸ್ಟ್‌ನಲ್ಲಿ ಹುಟ್ಟಿದ ಮಗುವನ್ನು 2026ರ ಜೂನ್‌ನಲ್ಲೇ ನರ್ಸರಿಗೆ ಸೇರಿಸಿದರೆ, ಯುಕೆಜಿ ಮುಗಿಸಿ 2029ರ ಜೂನ್‌ನಲ್ಲಿ ಒಂದನೇ ತರಗತಿಗೆ ಹೊರಟಾಗ ಅದಕ್ಕೆ 5 ವರ್ಷ 9 ತಿಂಗಳು ಮಾತ್ರ. ಜೊತೆಯವರು ಮುಂದೆ ಹೋಗುತ್ತಾರೆ, ಆ ಮಗು ಯುಕೆಜಿಯಲ್ಲೇ ಮತ್ತೆ ಕೂರಬೇಕಾಗುತ್ತದೆ. 2025-26ರಲ್ಲಿ ಸರ್ಕಾರ ವಯಸ್ಸನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿತ್ತು. ಅಂಥ ಸಡಿಲಿಕೆ ಮತ್ತೆ ಬರುತ್ತದೆಂದು ನಂಬಿ ಅವಸರ ಮಾಡುವುದು ಬೇಡ. ಒಂದು ವರ್ಷ ಅಜ್ಜ ಅಜ್ಜಿಯ ಜೊತೆ ಮನೆಯಲ್ಲಿದ್ದರೆ ಮಗುವಿಗೆ ನಷ್ಟವಿಲ್ಲ.

ಶಾಲೆ ನಡೆಯುವಾಗ ಹೋಗಿ ನೋಡಿ

ವಾರ್ಷಿಕೋತ್ಸವದ ದಿನ ಎಲ್ಲ ಶಾಲೆಯೂ ಚೆನ್ನಾಗಿಯೇ ಕಾಣುತ್ತದೆ. ಸಾಮಾನ್ಯ ದಿನ ಬೆಳಿಗ್ಗೆ ಹತ್ತೂವರೆಗೆ ಹೋಗಬೇಕು. 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಆಯಾ ಇರಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಹೇಳುತ್ತದೆ. ಅಳುವ ಮಗುವನ್ನು ಯಾರು ಎತ್ತಿಕೊಳ್ಳುತ್ತಾರೆ, ಶೌಚಾಲಯಕ್ಕೆ ಯಾರು ಕರೆದೊಯ್ಯುತ್ತಾರೆ, ಗೇಟಿನಲ್ಲಿ ಮಗುವನ್ನು ಯಾರ ಕೈಗೆ ಒಪ್ಪಿಸುತ್ತಾರೆ ಎಂದು ಗಮನಿಸಿ.

ಮೂರು ವರ್ಷದ ಮಗು ಸಾಲುಸಾಲಾಗಿ ಅಕ್ಷರ ಬರೆಯುತ್ತಿದ್ದರೆ ಅದು ಹೆಮ್ಮೆಯ ವಿಷಯವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ವಯಸ್ಸಿಗೆ ಆಟ, ಹಾಡು, ಕಥೆಯ ಮೂಲಕ, ಸಾಧ್ಯವಿದ್ದಷ್ಟು ಮನೆಮಾತಿನಲ್ಲೇ ಕಲಿಕೆ ಇರಲಿ ಎನ್ನುತ್ತದೆ. ಮಾಂಟೆಸ್ಸರಿ ಎಂದು ಫಲಕ ಹಾಕಿದ ಮಾತ್ರಕ್ಕೆ ಆ ಪದ್ಧತಿ ಅಲ್ಲಿದೆ ಎಂದಲ್ಲ. ಮೂರರಿಂದ ಆರು ವರ್ಷದ ಮಕ್ಕಳು ಒಂದೇ ಕೋಣೆಯಲ್ಲಿದ್ದು, ತಮಗೆ ಬೇಕಾದ ಸಾಮಗ್ರಿ ತಾವೇ ಆರಿಸಿಕೊಳ್ಳುತ್ತಿದ್ದರೆ ಆ ಮಾತು ನಂಬಬಹುದು.

ಊಟದ ವಿಷಯ

ನಮ್ಮ ಮನೆಗಳಲ್ಲಿ ಇದು ಮುಖ್ಯ. ಡಬ್ಬಿ ಮನೆಯಿಂದಲೇ ಹೋದರೂ ಹುಟ್ಟುಹಬ್ಬದ ಕೇಕಿನಲ್ಲಿ ಮೊಟ್ಟೆ, ಕೆಲವು ಜೆಲ್ಲಿ ಮಿಠಾಯಿಗಳಲ್ಲಿ ಜೆಲಾಟಿನ್ ಇರುತ್ತದೆ. ಮೊಟ್ಟೆ, ಈರುಳ್ಳಿ, ಆಲೂಗಡ್ಡೆ ಹೀಗೆ ಮಗು ಏನು ತಿನ್ನುವುದಿಲ್ಲ ಎಂಬುದನ್ನು ಚೀಟಿಯಲ್ಲಿ ಬರೆದು ಮೊದಲ ದಿನವೇ ಶಿಕ್ಷಕಿಗೆ ಕೊಡಿ. ಬಾಯಿಮಾತು ಮರೆತುಹೋಗುತ್ತದೆ. ಹಂಚುವ ದಿನ ಮಗು ಬರಿಗೈಯಲ್ಲಿ ಕೂರದಂತೆ ಒಣಹಣ್ಣಿನ ಒಂದು ಪೊಟ್ಟಣ ಶಾಲೆಯಲ್ಲೇ ಇಟ್ಟಿರಲಿ. ಬೇರೆ ಮಕ್ಕಳ ಡಬ್ಬಿಯನ್ನು ಹೀಗಳೆಯಬಾರದು ಎಂಬುದನ್ನೂ ಮಗುವಿಗೆ ಮನೆಯಲ್ಲೇ ಹೇಳಿಕೊಡಬೇಕು.

ದೂರ ಮತ್ತು ದುಡ್ಡು

ವ್ಯಾನಿನಲ್ಲಿ ಮುಕ್ಕಾಲು ಗಂಟೆ ಕೂರುವ ಹೆಸರಾಂತ ಶಾಲೆಗಿಂತ ನಡೆದು ಹೋಗುವಷ್ಟು ಹತ್ತಿರದ ಸಾಧಾರಣ ಶಾಲೆ ಈ ವಯಸ್ಸಿಗೆ ಮೇಲು. ಪ್ರವೇಶ, ಪುಸ್ತಕ, ಸಮವಸ್ತ್ರ, ವ್ಯಾನು ಎಲ್ಲ ಸೇರಿ ವರ್ಷಕ್ಕೆ ಎಷ್ಟು, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಿರಿ. ಊರಿನ ಅಂಗನವಾಡಿಯನ್ನೂ ಒಮ್ಮೆ ನೋಡಿ ಬನ್ನಿ. ಒಳ್ಳೆಯ ಕಾರ್ಯಕರ್ತೆ ಇರುವ ಕಡೆ ಮಕ್ಕಳು ಸಂತೋಷದಿಂದ ಕಲಿಯುತ್ತಾರೆ, ಶುಲ್ಕವೂ ಇಲ್ಲ.

ಸೇರಿಸಿದ ಮೇಲೆ ಮೊದಲ ಕೆಲವು ವಾರ ಮಗು ಅಳುವುದು ಸಹಜ. ತಿಂಗಳು ಕಳೆದರೂ ಅಳು ನಿಲ್ಲದಿದ್ದರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ ಗದರಿಸದೆ ಕಾರಣ ಹುಡುಕಬೇಕು. ಕಟ್ಟಿದ ಶುಲ್ಕ ಹೋಗುತ್ತದೆಂದು ಮಗುವನ್ನು ಅಲ್ಲೇ ಇರಿಸುವುದು ತಪ್ಪು. ಶಾಲೆ ಬದಲಿಸಲು ಈ ವಯಸ್ಸಿನಲ್ಲಿ ಯಾವ ತೊಂದರೆಯೂ ಇಲ್ಲ.