ಹಿಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬೇಕೇ? – ಅಪ್ಪನ ಹಳೆಯ ಟ್ರಕ್ ಕಲಿಸಿದ ಪಾಠ

ನಮ್ಮೂರು ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಫೆಬ್ರವರಿಯ ಜಾತ್ರೆಗೆ ಬೇರೆ ಬೇರೆ ರಾಜ್ಯಗಳಿಂದ ಜನ ಬರುತ್ತಾರೆ. ಉಳಿದ ದಿನಗಳಲ್ಲಿ ನಮ್ಮದು ಮೆಕ್ಕೆಜೋಳ, ಅಡಿಕೆಯ ಊರು. ಅಪ್ಪನ ಹಳೆಯ ಮಿನಿ ಟ್ರಕ್‌ನಿಂದಲೇ ನಮ್ಮ ಮನೆ ನಡೆಯುತ್ತದೆ, ನನ್ನ ಕಾಲೇಜು ಫೀಸೂ ಅದರಿಂದಲೇ.

ಕಳೆದ ರಜೆಯಲ್ಲಿ ಜೋಳದ ಲೋಡು ತುಂಬಿಕೊಂಡು ಕುಂದಾಪುರದ ಕಡೆ ಹೊರಟಾಗ ನಾನೂ ಜೊತೆಗೆ ಹೋದೆ. ಹುಲಿಕಲ್ ಘಾಟಿ ಅರ್ಧ ಇಳಿದಿರಬೇಕು, ಕ್ಯಾಬಿನ್‌ನಲ್ಲಿ ಸುಟ್ಟ ವಾಸನೆ ಬಂತು. ಅಪ್ಪ ಬ್ರೇಕ್ ಒತ್ತುತ್ತಿದ್ದರು, ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು, ಆದರೆ ಗಾಡಿ ನಿಲ್ಲುತ್ತಿರಲಿಲ್ಲ. ಅಪ್ಪ ಗೇರನ್ನು ಎರಡಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದರು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲರದೂ ಒಂದೇ ಸಲಹೆ: "ಡ್ರಮ್ ಕಿತ್ತುಹಾಕಿ, ಹಿಂದಕ್ಕೆ ಡಿಸ್ಕ್ ಹಾಕಿಸಿ." ನನಗೂ ಅದೇ ಸರಿ ಅನಿಸಿತು. ಹೊಸ ಬೈಕ್‌ಗಳಲ್ಲೆಲ್ಲ ಡಿಸ್ಕ್ ತಾನೇ? ಶಿವಮೊಗ್ಗದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಎರಡು ದಿನ ನಿಂತು ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಅಲ್ಲಿ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಬ್ರೇಕ್ ಎಂದರೆ ಶಾಖದ ಲೆಕ್ಕ

ಪ್ರಥಮ ಪಿಯುಸಿಯಲ್ಲಿ ಚಲನ ಶಕ್ತಿಯ ಸೂತ್ರ ಓದಿದ್ದೇವೆ: ಅರ್ಧ × ದ್ರವ್ಯರಾಶಿ × ವೇಗದ ವರ್ಗ. ಲೋಡು ಸೇರಿ 6 ಟನ್ ಇರುವ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿ ಸುಮಾರು 8.3 ಲಕ್ಷ ಜೂಲ್ ಶಕ್ತಿ ಇರುತ್ತದೆ. ಬ್ರೇಕ್ ಹಾಕಿ ನಿಲ್ಲಿಸಿದರೆ ಇದರಲ್ಲಿ ಹೆಚ್ಚಿನ ಭಾಗ ಬ್ರೇಕಿನಲ್ಲಿ ಶಾಖವಾಗುತ್ತದೆ. ಎರಡೂವರೆ ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು.

ಈಗ ಘಾಟಿಯ ಲೆಕ್ಕ ನೋಡಿ. ಅದೇ ಗಾಡಿ 300 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 1.76 ಕೋಟಿ ಜೂಲ್ ಬಿಡುಗಡೆಯಾಗುತ್ತದೆ. ಅಂದರೆ 60ರ ವೇಗದಿಂದ 21 ಸಲ ಪೂರ್ತಿ ನಿಲ್ಲಿಸಿದಷ್ಟು! ಕೆಳಗಿನ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೀರಿಕೊಳ್ಳುತ್ತದೆ. ಮೇಲಿನ ಗೇರಿನಲ್ಲಿ ಇಳಿದರೆ ಬಹುಪಾಲು ಬ್ರೇಕಿನ ತಲೆಗೇ ಬರುತ್ತದೆ.

ಡ್ರಮ್, ಡಿಸ್ಕ್ – ವ್ಯತ್ಯಾಸವೇನು?

ಡ್ರಮ್ ಎಂದರೆ ಚಕ್ರದ ಜೊತೆ ತಿರುಗುವ ಕಬ್ಬಿಣದ ಡಬ್ಬಿ. ಒಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿರುತ್ತವೆ. ಪೆಡಲ್ ಒತ್ತಿದಾಗ ಅವು ಅಗಲವಾಗಿ ಡಬ್ಬಿಯ ಒಳಮೈಗೆ ಒತ್ತಿಕೊಳ್ಳುತ್ತವೆ. ಡಿಸ್ಕ್ ಬ್ರೇಕ್‌ನಲ್ಲಿ ತಿರುಗುವ ತಟ್ಟೆಯನ್ನು ಕ್ಯಾಲಿಪರ್‌ನ ಪ್ಯಾಡ್‌ಗಳು ಎರಡೂ ಕಡೆಯಿಂದ ಹಿಡಿಯುತ್ತವೆ. ಸೈಕಲ್‌ನ ರಬ್ಬರ್ ಬ್ರೇಕ್ ರಿಮ್ಮನ್ನು ಹಿಡಿಯುವ ಹಾಗೆಯೇ. 1902ರಲ್ಲೇ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಡಿಸ್ಕ್ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ, ನೀರು ಬಿದ್ದರೂ ಬೇಗ ಒಣಗುತ್ತದೆ. ಡ್ರಮ್ ಬಿಸಿಯಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಲೈನಿಂಗ್ ಅತಿಯಾಗಿ ಕಾದರೆ ಘರ್ಷಣೆಯೂ ಕಡಿಮೆಯಾಗುತ್ತದೆ. ಇದಕ್ಕೆ 'ಫೇಡ್' ಎನ್ನುತ್ತಾರೆ. ನಮಗೆ ಆದದ್ದೂ ಇದೇ: ಪೆಡಲ್ ಗಟ್ಟಿ, ಹಿಡಿತ ಇಲ್ಲ. ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಗೆ ಹೋದರೆ ಅದು ಬೇರೆ ರೋಗ, ಬ್ರೇಕ್ ಆಯಿಲ್ ಕುದಿದಿರಬಹುದು. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ಆಯಿಲ್‌ನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹೀರಿದ ಮೇಲೆ ಅದು 140ರವರೆಗೂ ಇಳಿಯಬಹುದು.

ಹಾಗಾದರೆ ಡಿಸ್ಕ್ ಹಾಕಿಸಿಬಿಡಬಹುದಲ್ಲ?

ಇದೇ ಪ್ರಶ್ನೆಯನ್ನು ನಾನು ಮೆಕ್ಯಾನಿಕ್‌ಗೆ ಕೇಳಿದೆ. ಅವರು ಬೆರಳು ಮಡಚುತ್ತಾ ಒಂದೊಂದೇ ಹೇಳಿದರು.

ಮೊದಲನೆಯದು ಒತ್ತಡ. ಡ್ರಮ್‌ನ ಮುಂದಿನ ಶೂವನ್ನು ತಿರುಗುವ ಚಕ್ರವೇ ಇನ್ನಷ್ಟು ಒಳಕ್ಕೆ ಎಳೆದುಕೊಳ್ಳುತ್ತದೆ. ಬಾಗಿಲಿನ ಅಡಿಯ ಬೆಣೆ, ಬಾಗಿಲು ತಳ್ಳಿದಷ್ಟೂ ಬಿಗಿಯಾಗುವ ಹಾಗೆ. ಡಿಸ್ಕ್‌ಗೆ ಈ ಸಹಾಯ ಇಲ್ಲ, ಹೆಚ್ಚಿನ ಒತ್ತಡ ಬೇಕು. ಕ್ಯಾಲಿಪರ್‌ಗೆ ಆಯಿಲೂ ಹೆಚ್ಚು ಬೇಕು. ಹಾಗಾಗಿ ಮಾಸ್ಟರ್ ಸಿಲಿಂಡರ್, ಬೂಸ್ಟರ್ ಎರಡನ್ನೂ ಹೊಂದಿಸಬೇಕು.

ಎರಡನೆಯದು ಒಂದು ಸಣ್ಣ ವಾಲ್ವ್. ಹಳೆಯ ಡ್ರಮ್ ಗಾಡಿಗಳ ಪೈಪಿನಲ್ಲಿ ಚದರ ಇಂಚಿಗೆ ಸುಮಾರು 10 ಪೌಂಡ್ ಒತ್ತಡ ಸದಾ ಉಳಿಯುವಂತೆ ಇದನ್ನು ಇಟ್ಟಿರುತ್ತಾರೆ. ಡಿಸ್ಕ್ ಹಾಕಿ ಇದನ್ನು ಮರೆತರೆ ಪ್ಯಾಡ್‌ಗಳು ತಟ್ಟೆಯನ್ನು ಬಿಡುವುದೇ ಇಲ್ಲ, ಸುಮ್ಮನೆ ಓಡುವಾಗಲೂ ಕಾಯುತ್ತವೆ.

ಮೂರನೆಯದು ಹಿಂದು-ಮುಂದಿನ ಸಮತೋಲನ, ಎಲ್ಲಕ್ಕಿಂತ ಮುಖ್ಯ. ಬಸ್ಸು ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ವಾಲುತ್ತಾರೆ. ಗಾಡಿಯ ಭಾರವೂ ಹಾಗೆಯೇ ಮುಂದಿನ ಚಕ್ರಗಳ ಮೇಲೆ ಸರಿಯುತ್ತದೆ. ಲೋಡು ಇಲ್ಲದ ಟ್ರಕ್‌ನ ಹಿಂಭಾಗ ಆಗ ತೀರಾ ಹಗುರ. ಅಲ್ಲಿ ಬ್ರೇಕ್ ಜಾಸ್ತಿಯಾದರೆ ಹಿಂದಿನ ಚಕ್ರ ಮೊದಲು ಜಾಮ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಅನೇಕ ಕಾರು, ಪಿಕಪ್‌ಗಳಲ್ಲಿ ಇಂದಿಗೂ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವುದಕ್ಕೆ ಈ ಭಾರದ ಹಂಚಿಕೆಯೂ ಒಂದು ಕಾರಣ: ಹಿಂದಿನ ಬ್ರೇಕಿಗೆ ಕೆಲಸ ಕಡಿಮೆ.

ನಾಲ್ಕನೆಯದು ಹ್ಯಾಂಡ್‌ಬ್ರೇಕ್. ಡ್ರಮ್‌ನಲ್ಲಿ ಒಂದು ಕೇಬಲ್ ಎಳೆದರೆ ಆಯಿತು. ಡಿಸ್ಕ್‌ಗೆ ಅದಕ್ಕೆಂದೇ ಪ್ರತ್ಯೇಕ ವ್ಯವಸ್ಥೆ ಬೇಕು. ಅಂದು ನಮ್ಮನ್ನು ಉಳಿಸಿದ್ದರಲ್ಲಿ ಹ್ಯಾಂಡ್‌ಬ್ರೇಕಿನ ಪಾಲೂ ಇತ್ತು ಎಂಬುದು ನೆನಪಾಯಿತು.

ಐದನೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ನಿಯಮ ಮೀರಿ ಬದಲಾಯಿಸಿದರೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಇಂಥ ಕೆಲಸಕ್ಕೆ ಕೈ ಹಾಕಬಾರದು.

ಬಿಚ್ಚಿ ನೋಡಿದಾಗ

"ಹೊಸದು ಆಮೇಲೆ. ಇರುವುದು ಯಾಕೆ ಕೆಲಸ ಮಾಡಲಿಲ್ಲ ಅಂತ ಮೊದಲು ನೋಡೋಣ" ಎಂದು ಅವರು ಹಿಂದಿನ ಡ್ರಮ್‌ಗಳನ್ನು ಬಿಚ್ಚಿದರು. ಎಡಗಡೆಯ ಆಕ್ಸಲ್ ಸೀಲ್ ಸೋರಿ ಲೈನಿಂಗ್ ಪೂರ್ತಿ ಆಯಿಲ್ ಕುಡಿದಿತ್ತು. ಬಲಗಡೆಯ ಅಡ್ಜಸ್ಟರ್ ತುಕ್ಕು ಹಿಡಿದು ಜಾಮ್ ಆಗಿತ್ತು, ಶೂ ಡ್ರಮ್ಮನ್ನು ಸರಿಯಾಗಿ ಮುಟ್ಟುತ್ತಲೇ ಇರಲಿಲ್ಲ. ಅಂದರೆ ಘಾಟಿಯಲ್ಲಿ 6 ಟನ್ ಭಾರವನ್ನು ಮುಂದಿನ ಎರಡು ಚಕ್ರಗಳೇ ಹಿಡಿಯುತ್ತಿದ್ದವು. ಅವು ಕಾದು ಸೋತವು. ತಪ್ಪು ಡ್ರಮ್‌ನದಲ್ಲ, ವರ್ಷಗಟ್ಟಲೆ ಅದನ್ನು ಬಿಚ್ಚಿ ನೋಡದ ನಮ್ಮದು.

ಹೊಸ ಸೀಲ್, ಹೊಸ ಲೈನಿಂಗ್, ವೀಲ್ ಸಿಲಿಂಡರ್‌ನ ರಬ್ಬರ್‌ಗಳು, ಹೊಸ ಬ್ರೇಕ್ ಆಯಿಲ್ ಹಾಕಿ, ಡ್ರಮ್‌ಗಳನ್ನು ಲೇತ್‌ನಲ್ಲಿ ಸಮ ಮಾಡಿಸಿದರು. ಡಿಸ್ಕ್ ಹಾಕಿಸಲಿಲ್ಲ. ಮುಂದಿನ ವಾರ ಅದೇ ಘಾಟಿಯನ್ನು ಅಪ್ಪ ಎರಡನೇ ಗೇರಿನಲ್ಲಿ ಇಳಿದರು. ಕೆಳಗೆ ನಿಲ್ಲಿಸಿ ಡ್ರಮ್‌ನ ಹತ್ತಿರ ಕೈ ಒಡ್ಡಿ ನೋಡಿದೆ. ನಾಲ್ಕೂ ಕಡೆ ಹೆಚ್ಚುಕಮ್ಮಿ ಒಂದೇ ಬಿಸಿ.

ಗೆಳೆಯರೇ, ನಿಮ್ಮ ಮನೆಯಲ್ಲೂ ಹಳೆಯ ಗಾಡಿ ಇದ್ದರೆ ಇಷ್ಟು ಗಮನಿಸಿ. ಬ್ರೇಕ್ ಹಾಕಿದಾಗ ಒಂದು ಕಡೆಗೆ ಎಳೆಯುತ್ತದೆಯೇ? ಪೆಡಲ್ ಮೊದಲಿಗಿಂತ ಕೆಳಗೆ ಹೋಗುತ್ತದೆಯೇ? ಚಕ್ರದ ಒಳಭಾಗದಲ್ಲಿ ಆಯಿಲ್ ಕಲೆ ಇದೆಯೇ? ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿ ವರ್ಷ ಎಫ್‌ಸಿ ಆಗಲೇಬೇಕು, ಆದರೆ ಅದರ ದಿನಕ್ಕಾಗಿ ಕಾಯಬೇಡಿ. ಡ್ರಮ್‌ನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಕಲ್ನಾರು ಇರಬಹುದು. ಜಾತ್ರೆಗಾಗಲಿ ಮದುವೆಗಾಗಲಿ ಗೂಡ್ಸ್ ಗಾಡಿಯಲ್ಲಿ ಜನರನ್ನು ತುಂಬಿಕೊಂಡು ಹೋಗಬೇಡಿ. ಜೋಳದ ಚೀಲಗಳಿದ್ದ ಜಾಗದಲ್ಲಿ ಅಂದು ಮಕ್ಕಳು ಕೂತಿದ್ದರೆ ಎಂದು ನೆನೆದರೆ ನನಗೆ ಈಗಲೂ ಮೈ ನಡುಗುತ್ತದೆ.

ಜಾಮ್ ಆಗಿದ್ದ ಆ ಅಡ್ಜಸ್ಟರನ್ನು ತೊಳೆದು ತಂದು ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಇಟ್ಟಿದ್ದೇನೆ. ಕೈಬೆರಳಿನಷ್ಟೇ ಉದ್ದದ ವಸ್ತು. ಬಿಡುವಿದ್ದಾಗ ಬಂದು ನೋಡಿ.