ಬೈಪಾಸ್ ಆಯಿತೆಂದು ಮಾತ್ರೆ ಬಿಡಬಹುದೇ?

ಕಾಸರಗೋಡು: ಮಂಗಳೂರಿನಲ್ಲಿ ಬೈಪಾಸ್ ಮಾಡಿಸಿಕೊಂಡು ತಲಪಾಡಿ ದಾಟಿ ಊರಿಗೆ ಮರಳಿದವರಲ್ಲಿ ಕೆಲವರು ಮೂರು ತಿಂಗಳಾಗುವಷ್ಟರಲ್ಲಿ "ಬ್ಲಾಕ್ ತೆಗೆದಾಯ್ತಲ್ಲ, ಇನ್ನು ಮಾತ್ರೆ ಯಾಕೆ?" ಎನ್ನುತ್ತಾರೆ. ಆದರೆ ಬೈಪಾಸ್‌ನಲ್ಲಿ ಬ್ಲಾಕ್ ತೆಗೆಯುವುದೇ ಇಲ್ಲ.

ತೋಟದ ಪೈಪು ಒಂದೆಡೆ ಕಟ್ಟಿಕೊಂಡರೆ ಅದನ್ನು ಹಾಗೆಯೇ ಬಿಟ್ಟು, ಪಕ್ಕದಿಂದ ಇನ್ನೊಂದು ಪೈಪು ಜೋಡಿಸಿ ನೀರು ಹಾಯಿಸುವುದುಂಟಲ್ಲ, ಇದೂ ಹಾಗೆಯೇ. ಎದೆಗೂಡಿನ ಒಳಬದಿಯ ರಕ್ತನಾಳ ಅಥವಾ ಕಾಲಿನಿಂದ ತೆಗೆದ ನಾಳವೇ ಇಲ್ಲಿ ಹೊಸ ಪೈಪು. 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಡಾ. ರೆನೆ ಫವಲೋರೊ ಕಾಲಿನ ನಾಳ ಬಳಸುವ ಈ ವಿಧಾನವನ್ನು ರೂಢಿಗೆ ತಂದರು. ಭಾರತದಲ್ಲಿ 1975ರಲ್ಲಿ ಡಾ. ಕೆ.ಎಂ. ಚೆರಿಯನ್ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ ಇದನ್ನು ಮೊದಲು ನಡೆಸಿದರು.

ಕೊಬ್ಬು ಕಟ್ಟುವ ಕಾಯಿಲೆ ಮಾತ್ರ ದೇಹದಲ್ಲೇ ಉಳಿದಿರುತ್ತದೆ. ಎದೆಯ ನಾಳದ ಜೋಡಣೆ ಹೆಚ್ಚಿನವರಲ್ಲಿ ಹತ್ತು ವರ್ಷ ದಾಟಿಯೂ ಚೆನ್ನಾಗಿರುತ್ತದೆ. ಕಾಲಿನ ನಾಳದವುಗಳಲ್ಲಿ ಅರ್ಧದಷ್ಟು ಅಷ್ಟರಲ್ಲಿ ಮುಚ್ಚಿಹೋಗಬಹುದು. ಆಸ್ಪಿರಿನ್, ಕೊಲೆಸ್ಟರಾಲ್ ಮಾತ್ರೆಗಳು ಈ ಹೊಸ ದಾರಿಯನ್ನು ಕಾಯುತ್ತವೆ. ವೈದ್ಯರನ್ನು ಕೇಳದೆ ಅವನ್ನು ನಿಲ್ಲಿಸಬಾರದು. ಬೀಡಿಯನ್ನು ಬಿಡಲೇಬೇಕು.

ಆಪರೇಷನ್ನಿಗೆ ಸೀಳಿದ ಎದೆಮೂಳೆಯನ್ನು ಸ್ಟೀಲ್ ತಂತಿಯಿಂದ ಕಟ್ಟಿರುತ್ತಾರೆ. ಅದು ಕೂಡಿಕೊಳ್ಳಲು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ಬಾವಿಯಿಂದ ನೀರು ಸೇದುವುದು, ತೆಂಗಿನಕಾಯಿ ಹೊರುವುದು, ಸ್ಕೂಟರ್ ಬಿಡುವುದು ಬೇಡ. ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿ ಹಿಡಿದರೆ ನೋವು ಕಡಿಮೆ. ನಡಿಗೆ ಮಾತ್ರ ದಿನದಿನಕ್ಕೆ ಹೆಚ್ಚಲಿ, ಮೊದಲು ಅಂಗಳದಲ್ಲಿ, ಆಮೇಲೆ ರಸ್ತೆಗೆ. ನಾಳ ತೆಗೆದ ಕಾಲು ಬಾತುಕೊಂಡರೆ ಕೂತಾಗ ಎತ್ತರಕ್ಕೆ ಇಡಬೇಕು.

ಕೆಲವರು ಕಾರಣವಿಲ್ಲದೆ ಅಳುತ್ತಾರೆ, ನಿದ್ದೆಯಿಲ್ಲದೆ ಸಿಡಿಮಿಡಿಗೊಳ್ಳುತ್ತಾರೆ. ಇದು ಸಾಮಾನ್ಯ. ವಾರಗಟ್ಟಲೆ ಹೋಗದಿದ್ದರೆ ವೈದ್ಯರಿಗೆ ಹೇಳಬೇಕು. ನೋಡಲು ಬರುವ ನೆಂಟರೂ ಬ್ರೆಡ್ಡು, ಹಾರ್ಲಿಕ್ಸ್ ಕೊಟ್ಟು ಬೇಗ ಎದ್ದರೆ ದೊಡ್ಡ ಉಪಕಾರ! ಶೀತ, ಜ್ವರ ಇದ್ದವರು ಬರುವುದೇ ಬೇಡ.

ಜ್ವರ, ಗಾಯದಿಂದ ಕೀವು, ಎದೆಮೂಳೆಯಲ್ಲಿ ಕಟಕಟ ಸದ್ದು, ಎರಡು-ಮೂರು ದಿನದಲ್ಲೇ ತೂಕ ಏರುವುದು, ಇವು ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಎದೆನೋವು, ಉಸಿರುಗಟ್ಟುವಿಕೆ ಇದ್ದರೆ ಮಂಗಳೂರಿಗೇ ಹೋಗಬೇಕೆಂದು ಕಾಯದೆ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು.

2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನೆಚ್ಚಿದ್ದ ರೋಗಿಗಳು ಪಟ್ಟ ಪಾಡು ಇಲ್ಲಿನವರಿಗೆ ಗೊತ್ತು. ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಮತ್ತು ಮಾತ್ರೆಗಳ ಪಟ್ಟಿ ಮನೆಯಲ್ಲಿರಲಿ, ಊರಿನ ವೈದ್ಯರಿಗೂ ಒಮ್ಮೆ ತೋರಿಸಿಡಿ.